ಪ್ಯಾಕೇಜು ಹೊತ್ತವರ ಪ್ರಶ್ನೆಗಳು

ಸಂಬಳವಿಲ್ಲದೆ ಮುಕ್ತ ತಂತ್ರಾಂಶಗಳ ಪ್ಯಾಕೇಜುಗಳನ್ನು, ಅಂದರೆ ಬಳಕೆದಾರರು ನೇರವಾಗಿ ಸ್ಥಾಪಿಸಿಕೊಳ್ಳಬಹುದಾದ ಕಟ್ಟುಗಳನ್ನು, ನೋಡಿಕೊಳ್ಳುತ್ತಿರುವ ಓದುಗರು ತಮ್ಮ ಪ್ರಶ್ನೆಗಳನ್ನು ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಇಂಥವರು ಎಷ್ಟು ಮಂದಿ ಇದ್ದಾರು ಎಂಬ ಅನುಮಾನ ನನಗಿತ್ತು. ಬಂದ ಪತ್ರಗಳನ್ನು ನೋಡಿದ ಮೇಲೆ ಆ ಅನುಮಾನಕ್ಕೆ ನಾಚಿಕೊಂಡೆ. ಹಗಲು ಕಾಲೇಜಿನಲ್ಲಿ ಪಾಠ ಮಾಡಿ, ಬ್ಯಾಂಕಿನ ಕೌಂಟರಿನಲ್ಲಿ ಕುಳಿತು, ಅಡಿಕೆ ಮಂಡಿಯ ಲೆಕ್ಕ ಬರೆದು, ರಾತ್ರಿ ಊಟವಾದ ಮೇಲೆ ಯಾವುದೋ ದೇಶದ ಯಾರೋ ಬರೆದ ದೋಷ ವರದಿಯನ್ನು ಓದುತ್ತ ಕೂರುವವರು ಇಲ್ಲಿಯೂ ಇದ್ದಾರೆ. ಸ್ಥಳಾವಕಾಶಕ್ಕೆ ತಕ್ಕಂತೆ ಕೆಲವು ಪ್ರಶ್ನೆಗಳನ್ನು ಸಂಕ್ಷೇಪಿಸಿದ್ದೇನೆ. ಪತ್ರ ಬರೆದವರ ಪೂರ್ಣ ಹೆಸರನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಕನ್ನಡದ ಅಕ್ಷರಶೈಲಿಯೊಂದನ್ನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗಾಗಿ ಪ್ಯಾಕೇಜು ಮಾಡಿ, ಅಪ್‌ಲೋಡ್ ಹಕ್ಕಿರುವ ಪ್ರಾಯೋಜಕರೊಬ್ಬರ ಮೂಲಕ ಅಪ್‌ಲೋಡ್ ಮಾಡಿಸಿದೆ. ಹೊಸ ಪ್ಯಾಕೇಜುಗಳ ಸರದಿಯಲ್ಲಿ ಹಲವು ವಾರ ಕಾದು, ಕೊನೆಗೂ ಅದು ಹೊಸದೆಲ್ಲ ಮೊದಲು ಬಂದು ಸೇರುವ ಅನ್‌ಸ್ಟೇಬಲ್ ಶಾಖೆಗೆ ಸೇರಿತು. ಅದಾಗಿ ನಲವತ್ತು ದಿನ ಕಳೆದಿವೆ, ಒಂದೂ ದೋಷ ವರದಿ ಬಂದಿಲ್ಲ, ಆದರೂ ಮುಂದಿನ ಬಿಡುಗಡೆ ಸಿದ್ಧವಾಗುವ ಟೆಸ್ಟಿಂಗ್ ಶಾಖೆಗೆ ಹೋಗಿಲ್ಲ. ಎಲ್ಲಿ ತಪ್ಪಿದೆ?
— ಎಸ್. ಆರ್., ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮಿಂದ ತಪ್ಪೇನೂ ಆಗಿಲ್ಲ, ಇನ್ನೊಂದು ಅಪ್‌ಲೋಡ್ ಬಾಕಿ ಇದೆ, ಅಷ್ಟೇ. ಹೊಸ ಪ್ಯಾಕೇಜು ಮೊದಲ ಸಲ ಭಂಡಾರಕ್ಕೆ ಬರುವಾಗ ಪರವಾನಗಿ ಮತ್ತು ಹಕ್ಕುಸ್ವಾಮ್ಯದ ವಿವರಗಳನ್ನು ಮನುಷ್ಯರೇ ಕುಳಿತು ಪರಿಶೀಲಿಸುವುದರಿಂದ, ಆಕರದ (ಸೋರ್ಸ್) ಜೊತೆಗೆ ನೀವು ನಿಮ್ಮ ಯಂತ್ರದಲ್ಲಿ ಕಟ್ಟಿದ, ಸ್ಥಾಪನೆಗೆ ಸಿದ್ಧವಾದ ಬೈನರಿಯನ್ನೂ ಕಳುಹಿಸಬೇಕಾಗುತ್ತದೆ. ಆದರೆ 2019ರಿಂದೀಚೆಗೆ, ಮೇಂಟೇನರ್ (ಪ್ಯಾಕೇಜು ನೋಡಿಕೊಳ್ಳುವವರು) ತನ್ನ ಸ್ವಂತ ಯಂತ್ರದಲ್ಲಿ ಕಟ್ಟಿ ಕಳುಹಿಸಿದ ಬೈನರಿಯನ್ನು ಟೆಸ್ಟಿಂಗ್‌ಗೆ ದಾಟಿಸುವುದಿಲ್ಲ; ಡೆಬಿಯನ್‌ನ ಸ್ವಂತ ಕಟ್ಟೋಣ ಯಂತ್ರಗಳಲ್ಲಿ ಸಿದ್ಧವಾದದ್ದನ್ನು ಮಾತ್ರ ದಾಟಿಸಲಾಗುತ್ತದೆ. ಹೀಗಾಗಿ ಸರದಿಯನ್ನು ದಾಟಿದ ಕೂಡಲೇ ಪರಿಷ್ಕರಣೆಯ ಸಂಖ್ಯೆಯನ್ನು ಒಂದು ಹೆಚ್ಚಿಸಿ, ಬದಲಾವಣೆಗಳನ್ನು ದಾಖಲಿಸುವ ಚೇಂಜ್‌ಲಾಗ್‌ನಲ್ಲಿ ಒಂದು ಸಾಲು ಬರೆದು, ಈ ಸಲ ಆಕರವನ್ನಷ್ಟೇ ಕಳುಹಿಸುವಂತೆ ಪ್ರಾಯೋಜಕರನ್ನು ಕೇಳಿಕೊಳ್ಳಿ. ಪ್ಯಾಕೇಜಿನ ಟ್ರ್ಯಾಕರ್ ಪುಟದಲ್ಲಿ, ದಾಟದಿರಲು ಕಾರಣವೇನೆಂಬುದು ಇಂಗ್ಲಿಷಿನ ಒಂದೇ ಸಾಲಿನಲ್ಲಿ ಈಗಾಗಲೇ ಬರೆದಿರುತ್ತದೆ. ಆ ಸಾಲನ್ನು ಓದದೆ ನಲವತ್ತು ದಿನ ಕಾದವರಲ್ಲಿ ನೀವು ಮೊದಲಿಗರೂ ಅಲ್ಲ, ಕೊನೆಯವರೂ ಆಗಲಾರಿರಿ.

ಅಲ್ಲಿಂದ ಮುಂದಿನ ಲೆಕ್ಕ ಸರಳ. ತುರ್ತು ಸಾಮಾನ್ಯ ಮಟ್ಟದ್ದಾದರೆ 5 ದಿನ, ಕಡಿಮೆ ಎಂದು ಗುರುತಿಸಿದರೆ 10 ದಿನ, ಹೆಚ್ಚೆಂದು ಗುರುತಿಸಿದರೆ 2 ದಿನ ಅನ್‌ಸ್ಟೇಬಲ್‌ನಲ್ಲಿದ್ದು, ಬಿಡುಗಡೆಗೆ ಅಡ್ಡಿಯಾಗುವಂಥ ಹೊಸ ದೋಷ ಕಾಣಿಸಿಕೊಳ್ಳದಿದ್ದರೆ ಪ್ಯಾಕೇಜು ತಾನಾಗಿಯೇ ದಾಟುತ್ತದೆ. ಸ್ವಯಂಚಾಲಿತ ಪರೀಕ್ಷೆಯೊಂದನ್ನು ಸೇರಿಸಿದ್ದು ಅದು ಯಶಸ್ವಿಯಾದರೆ ಈ ಕಾಯುವಿಕೆ ಇನ್ನೂ ಕಡಿಮೆಯಾಗುತ್ತದೆ.

ಅಕ್ಷರಶೈಲಿಗೆ ಎಂಥ ಪರೀಕ್ಷೆ ಎಂದು ನೀವು ಕೇಳಬಹುದು. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಅಕ್ಷರಶೈಲಿಯಲ್ಲಿ ‘ಸೂರ್ಯ’ ಸರಿಯಾಗಿ ಮೂಡುತ್ತಿತ್ತು, ಅರ್ಕಾವತ್ತು ತನ್ನ ಜಾಗದಲ್ಲಿಯೇ ಇರುತ್ತಿತ್ತು. ಆದರೆ ‘ರ‍್ಯಾಂಕ್’ ಎಂದು ಬರೆದರೆ ರಕಾರದ ಪಕ್ಕದಲ್ಲಿ ಚುಕ್ಕೆಗಳ ವೃತ್ತವೊಂದು ಬಂದು ಕೂರುತ್ತಿತ್ತು. ಯೂನಿಕೋಡ್‌ನಲ್ಲಿ ರಕಾರ, ವಿರಾಮ, ಯಕಾರ ಈ ಕ್ರಮದಲ್ಲಿ ಬಂದರೆ ಅರ್ಕಾವತ್ತಾಗುತ್ತದೆ. ರಕಾರ ಪೂರ್ಣವಾಗಿಯೇ ಉಳಿದು ಅದರ ಕೆಳಗೆ ಯ-ಒತ್ತು ಬರಬೇಕಾದರೆ ರಕಾರಕ್ಕೂ ವಿರಾಮಕ್ಕೂ ನಡುವೆ ಶೂನ್ಯ ಅಗಲದ ಜೋಡಕವೊಂದನ್ನು ಇಡಬೇಕು. ಆ ಸರಣಿಯನ್ನು ನಿಭಾಯಿಸುವ ನಿಯಮ ನಮ್ಮ ಕಡತದಲ್ಲಿ ಬಿಟ್ಟುಹೋಗಿತ್ತು. ಅದನ್ನು ಮೊದಲು ಗುರುತಿಸಿದವರು ಹರಿಹರದ ಡಿಟಿಪಿ ಕೇಂದ್ರದವರೊಬ್ಬರು. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ವಧುವಿನ ಹೆಸರಿನ ಮುಂದೆ ‘ಪ್ರಥಮ ರ‍್ಯಾಂಕ್’ ಎಂದು ಹಾಕಬೇಕಾಗಿತ್ತಂತೆ. ಅವರ ವರದಿಗೆ ನಾನು ಉತ್ತರ ಬರೆದದ್ದು ಹನ್ನೊಂದು ತಿಂಗಳ ನಂತರ. ಅಷ್ಟರೊಳಗೆ ಮದುವೆಯೂ ಮುಗಿದಿತ್ತು, ನಾಮಕರಣದ ಕಾರ್ಡಿನ ಕೆಲಸವೂ ಅವರಿಗೆ ಬಂದಿತ್ತು. ಅಕ್ಷರಗಳನ್ನು ಜೋಡಿಸಿ ಆಕಾರ ಕೊಡುವ ಹಾರ್ಫ್‌ಬಜ್ ತಂತ್ರಾಂಶದ ಜೊತೆಗೆ ಬರುವ ಎಚ್‌ಬಿ-ಶೇಪ್ ಎಂಬ ಸಾಧನಕ್ಕೆ ಇಂಥ ಇಪ್ಪತ್ತು ಮೂವತ್ತು ಪದಗಳನ್ನು ಕೊಟ್ಟು, ಬಂದ ಆಕಾರಗಳನ್ನು ಹಿಂದಿನವುಗಳ ಜೊತೆ ಹೋಲಿಸುವ ಪುಟ್ಟ ಪರೀಕ್ಷೆಯೊಂದನ್ನು ಬರೆದಿಟ್ಟರೆ, ನಿಮ್ಮ ನಂತರ ಈ ಪ್ಯಾಕೇಜನ್ನು ಹೊರುವವರು ಕನ್ನಡ ಓದಲು ಬಾರದವರಾದರೂ ಅದನ್ನು ಕೆಡಿಸುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಯಲ್ಲಿ 32 ಬಿಟ್ ಪ್ರೊಸೆಸರಿನ ಹಳೆಯ ಯಂತ್ರಗಳು ಒಂಬತ್ತು ಇವೆ. ಡೆಬಿಯನ್ 13 ಅವುಗಳಲ್ಲಿ ಕೂರುವುದಿಲ್ಲ ಎನ್ನುತ್ತಾರೆ. ನಿಜವೇ? ನಾನು ನೋಡಿಕೊಳ್ಳುವ ಪ್ಯಾಕೇಜಿನಲ್ಲಿ ಆ ಯಂತ್ರಗಳಿಗೆ ಸಂಬಂಧಿಸಿದ ದೋಷಗಳನ್ನು ಇನ್ನು ಸರಿಪಡಿಸಬೇಕಾಗಿಲ್ಲವೇ?
— ಶಿಕ್ಷಕರು, ಜಗಳೂರು ತಾಲ್ಲೂಕು

ಉತ್ತರ: ನಿಜ. 2025ರ ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ 13, ಅಂದರೆ ಟ್ರಿಕ್ಸಿ, ಐ386, ಅಂದರೆ ನಿಮ್ಮಂಥ 32 ಬಿಟ್ ಯಂತ್ರಗಳಿಗೆ ಸ್ಥಾಪಕವನ್ನೂ ಕರ್ನೆಲನ್ನೂ ಒದಗಿಸುತ್ತಿಲ್ಲ. 64 ಬಿಟ್ ಯಂತ್ರಗಳ ಮೇಲೆ ಹಳೆಯ 32 ಬಿಟ್ ತಂತ್ರಾಂಶಗಳನ್ನು ಓಡಿಸುವುದಕ್ಕಾಗಿ ಮಾತ್ರ ಆ ಬಗೆಯ ಪ್ಯಾಕೇಜುಗಳನ್ನು ಉಳಿಸಿಕೊಳ್ಳಲಾಗಿದೆ. ನಿಮ್ಮ ಶಾಲೆಯ ಯಂತ್ರಗಳಲ್ಲಿ ಡೆಬಿಯನ್ 12 ಇರಲಿ. ಅದಕ್ಕೆ ದೀರ್ಘಾವಧಿ ಭದ್ರತಾ ಬೆಂಬಲ 2028ರ ಜೂನ್ ತನಕ ಇದೆ, ಅಷ್ಟು ದಿನ ಆ ಯಂತ್ರಗಳ ಕೆಪಾಸಿಟರುಗಳು ಬಾಳಿದರೆ ಅದೇ ಪುಣ್ಯ. ಇನ್ನು ದೋಷಗಳ ಮಾತು. ನಿಮ್ಮದು ಬೇರೆ ತಂತ್ರಾಂಶಗಳು ನೆಚ್ಚಿಕೊಂಡಿರುವ ಲೈಬ್ರರಿಯಾದರೆ ಸರಿಪಡಿಸಿ. ಕೇವಲ ಪರದೆಯ ಮೇಲೆ ಓಡುವ ಅನ್ವಯವಾದರೆ, ಆ ಸಂಜೆಯನ್ನು ಬೇರೊಂದು ದೋಷಕ್ಕೆ ಕೊಡಿ.

ಪ್ರಶ್ನೆ: ಏಳು ವರ್ಷದಿಂದ ಒಂದು ಚಿಕ್ಕ ಲೈಬ್ರರಿಯನ್ನು ನಾನೇ ಬರೆದು ನಾನೇ ನೋಡಿಕೊಳ್ಳುತ್ತಿದ್ದೇನೆ. ಎರಡು ವರ್ಷದಿಂದ ಕೆಲಸ ಕುಂಟುತ್ತಿದೆ. ಕಳೆದ ಆರು ತಿಂಗಳಿನಿಂದ ಪರಿಚಯವಿಲ್ಲದವರೊಬ್ಬರು ಒಳ್ಳೆಯ ಪ್ಯಾಚುಗಳನ್ನು (ಕೋಡಿನ ತಿದ್ದುಪಡಿಗಳನ್ನು) ಕಳುಹಿಸುತ್ತಿದ್ದಾರೆ. ಈಗ ಬೇರೆ ಇಬ್ಬರು, ‘ನಿಮಗೆ ಆಗದಿದ್ದರೆ ಅವರಿಗೆ ಅಧಿಕಾರ ಕೊಟ್ಟುಬಿಡಿ’ ಎಂದು ಒರಟಾಗಿಯೇ ಬರೆಯುತ್ತಿದ್ದಾರೆ. ಕೊಡಲೇ?
— ಕೆ. ಟಿ., ಚಿತ್ರದುರ್ಗ

ಉತ್ತರ: ಕೊಡಬೇಡಿ, ಆದರೆ ಬಾಗಿಲನ್ನೂ ಮುಚ್ಚಬೇಡಿ. ನೀವು ವರ್ಣಿಸಿದ ಚಿತ್ರ ನನಗೆ ಬಹಳ ಪರಿಚಿತವಾದದ್ದು, ಏಕೆಂದರೆ ಎಕ್ಸ್‌ಝಡ್ ಪ್ರಕರಣ ಆರಂಭವಾದದ್ದು ಹೀಗೆಯೇ.

ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಉಪಕರಣ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲಿಯೂ ಅದು ಇರುತ್ತದೆ, ಆದರೆ ಅದನ್ನು ನೋಡಿಕೊಳ್ಳುತ್ತಿದ್ದವರು ಲಾಸ್ಸೆ ಕಾಲಿನ್ ಒಬ್ಬರೇ. 2021ರ ಸುಮಾರಿಗೆ ಜಿಯಾ ತಾನ್ ಎಂಬ ಹೆಸರಿನ ವ್ಯಕ್ತಿ ಪ್ಯಾಚುಗಳನ್ನು ಕಳುಹಿಸತೊಡಗಿದರು. 2022ರಲ್ಲಿ ಬೇರೆ ಹೆಸರುಗಳಿಂದ, ಕೆಲಸ ನಿಧಾನವಾಗಿದೆ, ಇನ್ನೊಬ್ಬರಿಗೆ ಅಧಿಕಾರ ಕೊಡಿ ಎಂಬ ಒತ್ತಡದ ಪತ್ರಗಳು ಬಂದವು. ಮಾನಸಿಕವಾಗಿಯೂ ದಣಿದಿದ್ದ ಕಾಲಿನ್ ನಿಧಾನವಾಗಿ ಹೊಸಬರಿಗೆ ಅಧಿಕಾರ ಬಿಟ್ಟುಕೊಟ್ಟರು. 2024ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಬಿಡುಗಡೆಯಾದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಯಂತ್ರದೊಳಕ್ಕೆ ಕದ್ದು ನುಸುಳುವುದಕ್ಕೆ ಹಿಂಬಾಗಿಲೊಂದನ್ನು ಅಡಗಿಸಲಾಗಿತ್ತು. ಡೆಬಿಯನ್‌ನ ಅನ್‌ಸ್ಟೇಬಲ್ ಶಾಖೆಯನ್ನು ಬಳಸುತ್ತಿದ್ದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಅಭಿವೃದ್ಧಿಕಾರ ಆಂಡ್ರೆಸ್ ಫ್ರೋಂಡ್, ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದೇಕೆಂದು ಹುಡುಕುತ್ತ ಹೋಗಿ ಅದನ್ನು ಹಿಡಿದರು. ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು. ಡೆಬಿಯನ್‌ನ ಸ್ಟೇಬಲ್ ಶಾಖೆಗೆ ಅದು ತಲುಪಿರಲಿಲ್ಲ. ಅನ್‌ಸ್ಟೇಬಲ್‌ನಲ್ಲಿ ಹಳೆಯ ಆಕರಕ್ಕೆ ಮರಳಿದಾಗ ಪ್ಯಾಕೇಜಿಗೆ ಕೊಟ್ಟ ಆವೃತ್ತಿ ಸಂಖ್ಯೆ ‘5.6.1+ರಿಯಲಿ5.4.5’. ಸಂಖ್ಯೆ ಹಿಂದಕ್ಕೆ ಹೋಗಲು ಬಾರದಿರುವುದರಿಂದ, ಹೊರಗಿನ ಹೆಸರು ಹೊಸದು, ಒಳಗಿರುವುದು ಹಳೆಯದು ಎಂದು ಸಂಖ್ಯೆಯಲ್ಲಿಯೇ ಒಪ್ಪಿಕೊಂಡ ರೀತಿ ಅದು.

ಇಲ್ಲಿ ಪ್ಯಾಕೇಜು ನೋಡಿಕೊಳ್ಳುವವರು ಗಮನಿಸಬೇಕಾದ ಸಂಗತಿಯೊಂದಿದೆ. ಹಿಂಬಾಗಿಲಿನ ಮುಖ್ಯ ಭಾಗವನ್ನು ಪರೀಕ್ಷೆಗೆಂದು ಇಟ್ಟ ಬೈನರಿ ಕಡತಗಳಲ್ಲಿ ಬಚ್ಚಿಡಲಾಗಿತ್ತು. ಅದನ್ನು ಎಬ್ಬಿಸುವ ಕಟ್ಟೋಣದ ಸ್ಕ್ರಿಪ್ಟು ಎಲ್ಲರೂ ನೋಡಬಹುದಾದ ಗಿಟ್ ಕೋಡ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿಕೊಟ್ಟ ಟಾರ್‌ಬಾಲ್ ಕಡತದಲ್ಲಿ ಮಾತ್ರ ಇತ್ತು. ಭದ್ರಾ ಬಲದಂಡೆ ನಾಲೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಣೆಕಟ್ಟೆಯಲ್ಲಿ ಎಷ್ಟು ನೀರು ಬಿಟ್ಟರೆಂಬ ಪ್ರಕಟಣೆ ಒಂದು, ನಮ್ಮ ತೂಬಿಗೆ ಬಂದ ನೀರು ಇನ್ನೊಂದು. ಆದ್ದರಿಂದ ನಾವು ಪ್ಯಾಕೇಜು ಕಟ್ಟುವಾಗ ಟಾರ್‌ಬಾಲನ್ನೂ ಗಿಟ್‌ನಲ್ಲಿ ಅದೇ ಬಿಡುಗಡೆಯನ್ನು ಗುರುತಿಸುವ ಟ್ಯಾಗನ್ನೂ ಹೋಲಿಸಿ ನೋಡುವುದು, ಸಾಧ್ಯವಾದರೆ ನೇರವಾಗಿ ಗಿಟ್‌ನಿಂದಲೇ ಕಟ್ಟುವುದು ಒಳ್ಳೆಯದು. ಸಹಿ ಹಾಕಿದ ಗಿಟ್ ಟ್ಯಾಗಿನಿಂದಲೇ ಆಕರ ಪ್ಯಾಕೇಜನ್ನು ಸಿದ್ಧಪಡಿಸುವ ಟ್ಯಾಗ್‌ಟುಅಪ್‌ಲೋಡ್ ಎಂಬ ವ್ಯವಸ್ಥೆ ಡೆಬಿಯನ್‌ನಲ್ಲಿ 2025ರಿಂದ ಬಳಕೆಗೆ ಬಂದಿದೆ.

ಇನ್ನು ನಿಮ್ಮ ಅಪರಿಚಿತರ ವಿಷಯ. ಅವರು ಸಾಚಾ ಮನುಷ್ಯರೇ ಆಗಿರಬಹುದು, ನೂರಕ್ಕೆ ತೊಂಬತ್ತು ಪಾಲು ಹಾಗೆಯೇ ಇದ್ದಾರು ಎಂದೇ ನಾನು ನಂಬುತ್ತೇನೆ. ಅವರ ಪ್ಯಾಚುಗಳನ್ನು ಒಪ್ಪಿಕೊಳ್ಳಿ, ದೋಷ ವರದಿಗಳನ್ನು ವಿಂಗಡಿಸುವ ಕೆಲಸವನ್ನೂ ಕೊಡಿ. ಬಿಡುಗಡೆ ಮಾಡುವ ಮತ್ತು ಸಹಿ ಹಾಕುವ ಅಧಿಕಾರವನ್ನು ಮಾತ್ರ ನಿಮ್ಮಲ್ಲಿಯೇ ಇಟ್ಟುಕೊಳ್ಳಿ. ಒರಟಾಗಿ ಬರೆದ ಆ ಇಬ್ಬರು ಈ ಮೊದಲು ನಿಮ್ಮ ಲೈಬ್ರರಿಗೆ ಸಂಬಂಧಿಸಿ ಒಂದಾದರೂ ಉಪಯುಕ್ತ ಮಾತು ಬರೆದಿದ್ದಾರೆಯೇ ಎಂದು ಹುಡುಕಿ ನೋಡಿ. ಬರೆದಿಲ್ಲವಾದರೆ ಅವರಿಗೆ ಉತ್ತರ ಬರೆಯುವ ಋಣವೂ ನಿಮಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂದೇ ರೀಡ್‌ಮಿ ಕಡತದ ಮೊದಲ ಸಾಲಿನಲ್ಲಿ ‘ಈ ಲೈಬ್ರರಿಗೆ ತಿಂಗಳಿಗೆ ಒಂದು ಭಾನುವಾರ ಮಾತ್ರ ಸಮಯ ಕೊಡಬಲ್ಲೆ’ ಎಂದು ಬರೆಯಿರಿ. ಒತ್ತಡದ ಪತ್ರಗಳಿಗೆ ಬಲ ಬರುವುದು ನಮ್ಮೊಳಗಿನ ಅಪರಾಧಿಭಾವದಿಂದ. ನಮ್ಮ ಸ್ಥಿತಿಯನ್ನು ನಾವೇ ಮುಂದಾಗಿ ಹೇಳಿಕೊಂಡರೆ ಆ ಬಲದ ಮುಕ್ಕಾಲು ಪಾಲು ಅಲ್ಲಿಯೇ ಇಳಿಯುತ್ತದೆ.

ಪ್ರಶ್ನೆ: ಎರಡು ಹಂತದ ದೃಢೀಕರಣವನ್ನು ನವೀಕರಿಸದಿದ್ದರೆ ಖಾತೆ ಸ್ಥಗಿತವಾಗುತ್ತದೆ ಎಂದು ಪ್ಯಾಕೇಜು ಭಂಡಾರದ ಹೆಸರಿನಲ್ಲಿ ಮಿಂಚಂಚೆ ಬಂದಿದೆ. ಮೊಬೈಲ್ ಆ್ಯಪ್‌ನ ಆರಂಕಿ ಸಂಖ್ಯೆಯನ್ನು ಈಗಾಗಲೇ ಬಳಸುತ್ತಿದ್ದೇನೆ. ಅಷ್ಟಿದ್ದ ಮೇಲೆ ಹೆದರಬೇಕೇ?
— ಪಿ. ವಿ., ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ಹೆದರಬೇಕು. ನೀವು ವಿವರಿಸಿದಂಥದ್ದೇ ಪತ್ರ 2025ರ ಸೆಪ್ಟೆಂಬರ್‌ನಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನ ಒಬ್ಬ ಅನುಭವಿ ಮೇಂಟೇನರ್‌ಗೆ ಬಂದಿತ್ತು. ವಿಳಾಸದ ಕೊನೆಯಲ್ಲಿ ‘ಡಾಟ್ ಕಾಂ’ ಬದಲಿಗೆ ‘ಡಾಟ್ ಹೆಲ್ಪ್’ ಎಂದಿತ್ತು. ಅವರು ಆ ಪುಟದಲ್ಲಿ ಗುಪ್ತಪದವನ್ನೂ ಆರಂಕಿ ಸಂಖ್ಯೆಯನ್ನೂ ಕೊಟ್ಟರು. ವಂಚಕರು ಅವೆರಡನ್ನೂ ಅದೇ ಗಳಿಗೆಯಲ್ಲಿ ನಿಜವಾದ ತಾಣಕ್ಕೆ ದಾಟಿಸಿ ಒಳಗೆ ಹೋದರು. ಚಾಕ್, ಡಿಬಗ್ ಸೇರಿದಂತೆ ವಾರಕ್ಕೆ ಕೋಟಿಗಟ್ಟಲೆ ಸಲ ಇಳಿಯುವ ಪ್ಯಾಕೇಜುಗಳ ಕಲುಷಿತ ಆವೃತ್ತಿಗಳು ಸೆಪ್ಟೆಂಬರ್ 8ರಂದು ಪ್ರಕಟವಾದವು. ಕ್ರಿಪ್ಟೊ ಹಣವನ್ನು ಕಳುಹಿಸುವವರ ಬ್ರೌಸರಿನಲ್ಲಿ ಪಡೆಯುವವರ ವಿಳಾಸವನ್ನು ಬದಲಿಸುವುದು ಅವುಗಳ ಉದ್ದೇಶವಾಗಿತ್ತು. ಅದೇ ವರ್ಷದ ಜುಲೈನಲ್ಲಿ ಪೈಥಾನ್ ಪ್ಯಾಕೇಜುಗಳ ಭಂಡಾರವಾದ ಪೈಪಿಐ ಬಳಕೆದಾರರಿಗೂ ಹೆಸರಿನ ಒಂದೇ ಅಕ್ಷರ ಬದಲಿಸಿದ ನಕಲಿ ತಾಣದಿಂದ ಪತ್ರಗಳು ಬಂದಿದ್ದವು.

ಆರಂಕಿ ಸಂಖ್ಯೆಯ ದೌರ್ಬಲ್ಯ ಇದೇ: ಯಾವ ತಾಣಕ್ಕೆ ಕೊಡುತ್ತಿದ್ದೇವೆ ಎಂಬುದು ಆ ಸಂಖ್ಯೆಗೆ ಗೊತ್ತಿಲ್ಲ. ಪಾಸ್‌ಕೀ ಅಥವಾ ಯುಎಸ್‌ಬಿ ಕೀಲಿ ಹಾಗಲ್ಲ. ನೋಂದಾಯಿಸಿದ ತಾಣದ ವಿಳಾಸಕ್ಕೇ ಅದು ಬೆಸೆದುಕೊಂಡಿರುವುದರಿಂದ, ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಬಾಯಿ ಬಿಡುವುದಿಲ್ಲ. ನಮ್ಮ ಕಣ್ಣು ಮೋಸಹೋಗಬಹುದಾದ ಜಾಗದಲ್ಲಿ ಅದು ಮೋಸಹೋಗಲಾರದು. ಪೈಪಿಐ 2024ರ ಜನವರಿಯಿಂದ ಎರಡು ಹಂತದ ದೃಢೀಕರಣವನ್ನು ಎಲ್ಲರಿಗೂ ಕಡ್ಡಾಯ ಮಾಡಿದೆ. ಅದರ ಜೊತೆಗೆ ‘ಟ್ರಸ್ಟೆಡ್ ಪಬ್ಲಿಷಿಂಗ್’ ಎಂಬ ವಿಧಾನವನ್ನು ಪೈಪಿಐ 2023ರಲ್ಲಿ, ಎನ್‌ಪಿಎಂ 2025ರಲ್ಲಿ ತಂದಿವೆ. ಅದರಲ್ಲಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಟೋಕನ್ನೇ ಬೇಕಾಗುವುದಿಲ್ಲ. ಕಟ್ಟೋಣದ ವ್ಯವಸ್ಥೆಯು ಆ ಕ್ಷಣಕ್ಕಷ್ಟೇ ಬಾಳುವ ಗುರುತನ್ನು ಪಡೆದು ಪ್ರಕಟಿಸುತ್ತದೆ. ಇವೆರಡನ್ನೂ ಅಳವಡಿಸಿಕೊಳ್ಳಲು ಒಂದು ಸಂಜೆ ಸಾಕು. ಆ ಮಿಂಚಂಚೆಯಲ್ಲಿರುವ ಕೊಂಡಿಯನ್ನು ಒತ್ತಬೇಡಿ. ತಾಣದ ವಿಳಾಸವನ್ನು ನೀವೇ ಟೈಪಿಸಿ ಒಳಹೋಗಿ ನೋಡಿ. ನಿಜವಾದ ಸೂಚನೆಯಾದರೆ ಅಲ್ಲಿಯೂ ಇರುತ್ತದೆ.

ಪ್ರಶ್ನೆ: ಡೆಬಿಯನ್ ಮೇಂಟೇನರ್ ಆಗಲು ನನ್ನ ಜಿಪಿಜಿ ಕೀಲಿಗೆ (ಡಿಜಿಟಲ್ ಸಹಿ ಹಾಕುವ ಕೀಲಿಗೆ) ಡೆಬಿಯನ್ ಡೆವಲಪರ್ ಒಬ್ಬರ ಸಹಿ ಬೇಕಂತೆ. ಹಿರಿಯೂರಿನಲ್ಲಿ ಅಂಥವರು ಯಾರಿದ್ದಾರೆ?
— ಎನ್. ಎಂ., ಹಿರಿಯೂರು

ಉತ್ತರ: ಹಿರಿಯೂರಿನಲ್ಲಿ ಹುಡುಕುವುದಕ್ಕಿಂತ ಬೆಂಗಳೂರಿನ ಬಸ್ಸು ಹತ್ತುವುದು ಸುಲಭ, ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಇದ್ದೀರಿ. ಒಂದು ಸಹಿ ಸಾಕು. ಮೊದಲೇ ಪತ್ರ ಬರೆದು ಸಮಯ ಗೊತ್ತುಮಾಡಿಕೊಂಡು, ನಿಮ್ಮ ಕೀಲಿಯ ಬೆರಳಚ್ಚನ್ನು, ಅಂದರೆ ಅದನ್ನು ಗುರುತಿಸುವ ನಲವತ್ತು ಅಂಕಿ-ಅಕ್ಷರಗಳ ಸಾಲನ್ನು, ಕಾಗದದ ಮೇಲೆ ಮುದ್ರಿಸಿಕೊಂಡು, ಸರ್ಕಾರಿ ಗುರುತಿನ ಚೀಟಿಯೊಂದಿಗೆ ಹೋಗಿ. ಕೀಲಿಯ ಮೇಲಿನ ಹೆಸರು ಮತ್ತು ಚೀಟಿಯ ಮೇಲಿನ ಹೆಸರು ತಾಳೆಯಾಗಬೇಕು. ನಮ್ಮ ಕಡೆಯ ಇನಿಷಿಯಲ್‌ಗಳು ಇಲ್ಲಿ ಹೆಚ್ಚು ತೊಂದರೆ ಕೊಡುತ್ತವೆ, ಹೊರಡುವ ಮುನ್ನ ಸರಿಪಡಿಸಿಕೊಳ್ಳಿ. ಡೆಬಿಯನ್‌ನ ವಾರ್ಷಿಕ ಸಮ್ಮೇಳನವು 2023ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆದಾಗ ಇಂಥ ಸಹಿಗಳನ್ನು ಒಂದೇ ಸಲಕ್ಕೆ ಹತ್ತಾರು ಪಡೆಯಬಹುದಾಗಿತ್ತು. ಅಂಥ ಅವಕಾಶ ನಮ್ಮ ಹತ್ತಿರಕ್ಕೆ ಮತ್ತೆ ಬರುವ ತನಕ ಕಾಯಬೇಡಿ. ಕೀಲಿ ಮಾಡಿದ ದಿನವೇ ಅದರ ರದ್ದತಿ ಪತ್ರವನ್ನೂ ಸಿದ್ಧಪಡಿಸಿ, ಎರಡರ ಪ್ರತಿಯನ್ನೂ ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಮನೆಯ ಪತ್ರಗಳಿರುವ ಕಡೆ ಇಡಿ. ಲ್ಯಾಪ್‌ಟಾಪಿನ ಡಿಸ್ಕು ಹೋಗುವುದಕ್ಕೆ ಮುಹೂರ್ತ ಬೇಕಿಲ್ಲ.

ಪ್ರಶ್ನೆ: ನನ್ನ ಪ್ಯಾಕೇಜಿನಲ್ಲಿ ಗಂಭೀರ ಭದ್ರತಾ ಲೋಪವಿದೆ ಎಂದು ನಾಲ್ಕು ಪುಟದ ವರದಿ ಬಂದಿದೆ. ಅದರಲ್ಲಿ ಹೇಳಿರುವ ಹೆಸರಿನ ಫಂಕ್ಷನ್ ನನ್ನ ಕೋಡಿನಲ್ಲಿ ಇಲ್ಲವೇ ಇಲ್ಲ. ಮೂರು ರಾತ್ರಿ ಹುಡುಕಿದೆ. ಏನು ಮಾಡಲಿ?
— ಡಿ. ಎಚ್., ಹರಿಹರ

ಉತ್ತರ: ಮೂರು ರಾತ್ರಿ ಹುಡುಕಿದ್ದು ನಿಮ್ಮ ಸಜ್ಜನಿಕೆ, ಮೊದಲ ರಾತ್ರಿಯ ಹತ್ತನೆಯ ನಿಮಿಷಕ್ಕೇ ನಿಲ್ಲಿಸಬಹುದಾಗಿತ್ತು. ಇದು ಕೃತಕ ಬುದ್ಧಿಮತ್ತೆಯ ಯಂತ್ರ ಬರೆದು, ಮನುಷ್ಯ ಓದದೆ ಕಳುಹಿಸಿದ ವರದಿ. ವಾಕ್ಯಗಳು ನಯವಾಗಿರುತ್ತವೆ, ಶೀರ್ಷಿಕೆಗಳು ಅಚ್ಚುಕಟ್ಟಾಗಿರುತ್ತವೆ, ಮಧ್ಯದಲ್ಲಿ ಹುರುಳೇ ಇರುವುದಿಲ್ಲ. ಕರ್ಲ್ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್ ಇಂಥ ವರದಿಗಳ ಬಗ್ಗೆ ವರ್ಷಗಳಿಂದ ಗೋಳಾಡುತ್ತ ಬಂದು, 2019ರಿಂದ ನಡೆಸುತ್ತಿದ್ದ ದೋಷ ಬಹುಮಾನ ಯೋಜನೆಯನ್ನೇ 2026ರ ಜನವರಿಯ ಕೊನೆಗೆ ನಿಲ್ಲಿಸಿಬಿಟ್ಟರು. ಜೆಂಟೂ ಎಂಬ ಲಿನಕ್ಸ್ ಯೋಜನೆ 2024ರಲ್ಲಿಯೇ ಇಂಥ ಯಂತ್ರಗಳಿಂದ ತಯಾರಾದ ಕೋಡನ್ನು ಒಪ್ಪುವುದಿಲ್ಲವೆಂದು ತೀರ್ಮಾನಿಸಿತು. ಅಷ್ಟು ದೂರ ಹೋಗಬೇಕೇ ಎಂಬುದರಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಯಂತ್ರದ ನೆರವಿನಿಂದ ನಿಜವಾದ ದೋಷಗಳನ್ನು ಕಂಡುಹಿಡಿದವರೂ ಇದ್ದಾರೆ, ಸ್ವತಃ ಸ್ಟೆನ್‌ಬರ್ಗ್ ಅಂಥವನ್ನು ಮೆಚ್ಚಿಕೊಂಡಿದ್ದೂ ಉಂಟು. ನಾನು ಕೇಳುವುದು ಒಂದನ್ನೇ: ದೋಷವನ್ನು ನನ್ನ ಯಂತ್ರದಲ್ಲಿ ಮರುಸೃಷ್ಟಿಸುವ ಒಂದು ಆಜ್ಞೆ ಅಥವಾ ಒಂದು ಕಡತ ಕೊಡಿ. ಕೊಟ್ಟರೆ ಓದುತ್ತೇನೆ. ಕೊಡದಿದ್ದರೆ ಎರಡು ವಾರದ ಬಳಿಕ ವರದಿಯನ್ನು ಮುಚ್ಚುತ್ತೇನೆ. ಈ ಎರಡು ವಾಕ್ಯಗಳನ್ನು ಭದ್ರತಾ ನೀತಿಯ ಕಡತದಲ್ಲಿ ಬರೆದಿಡಿ, ಮುಂದಿನ ಸಲ ಅದನ್ನೇ ಅಂಟಿಸಿದರಾಯಿತು.

ಪ್ರಶ್ನೆ: ನನ್ನ ಲೈಬ್ರರಿಯನ್ನು ಬಳಸುವ ಒಂದು ಕಂಪನಿಯಿಂದ ಹನ್ನೆರಡು ಪುಟದ ಪ್ರಶ್ನಾವಳಿ ಬಂದಿದೆ. ಯುರೋಪಿನ ಹೊಸ ಕಾನೂನಿನ ಪ್ರಕಾರ ಭರ್ತಿ ಮಾಡಿ ಸಹಿ ಹಾಕಲೇಬೇಕು ಎನ್ನುತ್ತಾರೆ. ನಾನು ಅವರಿಂದ ಒಂದು ರೂಪಾಯಿಯನ್ನೂ ಪಡೆದಿಲ್ಲ. ಚಳ್ಳಕೆರೆಯಲ್ಲಿ ಕುಳಿತವನಿಗೂ ಯುರೋಪಿನ ಕಾನೂನು ತಗಲುತ್ತದೆಯೇ?
— ಜಿ. ಎಸ್., ಚಳ್ಳಕೆರೆ

ಉತ್ತರ: ಅವರು ಹೇಳುತ್ತಿರುವುದು ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಕುರಿತು. ಅದು 2024ರ ಡಿಸೆಂಬರ್ 10ರಂದು ಜಾರಿಗೆ ಬಂತು. ದುರ್ಬಳಕೆಯಾಗುತ್ತಿರುವ ಲೋಪಗಳನ್ನು ವರದಿ ಮಾಡುವ ಬಾಧ್ಯತೆ 2026ರ ಸೆಪ್ಟೆಂಬರ್ 11ರಿಂದ, ಉಳಿದ ಮುಖ್ಯ ಬಾಧ್ಯತೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಆ ಬಾಧ್ಯತೆಗಳು ಉತ್ಪನ್ನವನ್ನು ಯುರೋಪಿನ ಮಾರುಕಟ್ಟೆಯಲ್ಲಿ ವಾಣಿಜ್ಯ ಉದ್ದೇಶದಿಂದ ಇಡುವ ತಯಾರಕರ ಮೇಲೆ ಇವೆ. ಲಾಭದ ಉದ್ದೇಶವಿಲ್ಲದೆ ಮುಕ್ತ ತಂತ್ರಾಂಶ ಬರೆದು ಹಂಚುವವರನ್ನೂ, ಬೇರೆಯವರ ಯೋಜನೆಗೆ ಕೋಡು ಕೊಡುವವರನ್ನೂ ಅದರ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಮುಕ್ತ ತಂತ್ರಾಂಶಗಳಿಗೆ ನಿರಂತರ ಆಸರೆಯಾಗಿ ನಿಲ್ಲುವ ಪ್ರತಿಷ್ಠಾನಗಳಂಥ ಸಂಸ್ಥೆಗಳಿಗೆ ‘ಸ್ಟೀವರ್ಡ್’ ಎಂಬ ಪ್ರತ್ಯೇಕ, ಹಗುರವಾದ ವರ್ಗವಿದೆ. ನೀವು ಅದೂ ಅಲ್ಲ.

ಹಾಗಾಗಿ ನಿಮ್ಮ ಲೈಬ್ರರಿಯನ್ನು ತಮ್ಮ ಉತ್ಪನ್ನದಲ್ಲಿ ಸೇರಿಸಿ ಮಾರುತ್ತಿರುವ ಅವರೇ ಅದರ ಹೊಣೆ ಹೊರಬೇಕು. ನೀವು ಪ್ರಶ್ನಾವಳಿಯನ್ನು ತುಂಬಬೇಕಾಗಿಲ್ಲ, ಸಹಿಯನ್ನಂತೂ ಖಂಡಿತ ಹಾಕಬೇಡಿ. ಯಾವ ಖಾತರಿಯೂ ಇಲ್ಲದೆ, ಇದ್ದದ್ದು ಇದ್ದ ಹಾಗೆ ಕೊಡುತ್ತಿದ್ದೇನೆ ಎಂದು ನಿಮ್ಮ ಪರವಾನಗಿಯಲ್ಲಿ ಬರೆದಿರುವ ಮಾತನ್ನು ಆ ಸಹಿ ದುರ್ಬಲಗೊಳಿಸಬಹುದು. ಮರ್ಯಾದೆಯಿಂದ ಎರಡು ಸಾಲು ಬರೆಯಿರಿ: ಇದು ಹವ್ಯಾಸದ ಕೆಲಸ; ಪ್ರಶ್ನಾವಳಿಗೆ ಉತ್ತರ ಬೇಕಾದರೆ ಬೆಂಬಲ ಒಪ್ಪಂದಕ್ಕೆ ದರ ಹೇಳಬಲ್ಲೆ. ಆದರೆ ಒಂದು ಎಚ್ಚರ: ಹಾಗೆ ಹಣ ಪಡೆದು ವ್ಯವಹಾರ ಶುರುಮಾಡಿದರೆ ನಿಮ್ಮ ಸ್ಥಾನವೂ ಬದಲಾಗಬಹುದು, ಆಗ ವಕೀಲರನ್ನು ಕೇಳಿ.

ಪ್ರಶ್ನೆ: ನಮ್ಮಂಥವರಿಗೆ ಹಣ ಕೊಡುವವರು ಯಾರಾದರೂ ಇದ್ದಾರೆಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಇದ್ದಾರೆ, ಆದರೆ ಪ್ಯಾಕೇಜು ಮಾಡುವವರಿಗಿಂತ ಮೂಲ ತಂತ್ರಾಂಶ ಬರೆಯುವವರಿಗೆ. ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಫ್ಲಾಸ್ ಫಂಡ್, ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್‌ಗಳನ್ನು, ಯೋಜನೆಯೊಂದಕ್ಕೆ 10 ಸಾವಿರದಿಂದ 1 ಲಕ್ಷ ಡಾಲರ್ ತನಕ, ಜಗತ್ತಿನ ಯಾವ ಮೂಲೆಯ ಮುಕ್ತ ತಂತ್ರಾಂಶಕ್ಕಾದರೂ ಕೊಡುತ್ತದೆ. ಅರ್ಜಿ ಎಂದರೆ ಫಂಡಿಂಗ್ ಡಾಟ್ ಜೇಸನ್ ಎಂಬ ಒಂದು ಕಡತವನ್ನು ನಿಮ್ಮ ಆಕರದಲ್ಲಿ ಇಟ್ಟು, ಅದರ ವಿಳಾಸವನ್ನು ಸಲ್ಲಿಸುವುದು. ಬಹಳ ಮಂದಿ ಬಳಸುತ್ತಿರುವ ತಂತ್ರಾಂಶ ನಿಮ್ಮದಾದರೆ ಹಾಕಿ ನೋಡಿ. ಇಲ್ಲವಾದರೆ ಆ ಸಂಜೆ ಬೆಣ್ಣೆದೋಸೆ ತಿಂದು ಬನ್ನಿ, ಲಾಭ ಅದರಲ್ಲೇ ಹೆಚ್ಚು.

ಪ್ರಶ್ನೆ: ಎಂಟು ವರ್ಷದಿಂದ ಡೆಬಿಯನ್‌ನಲ್ಲಿ ಎರಡು ಪ್ಯಾಕೇಜುಗಳನ್ನು ನೋಡಿಕೊಂಡಿದ್ದೇನೆ. ವರ್ಗಾವಣೆ, ಮಕ್ಕಳ ಓದು, ತಾಯಿಯ ಕಾಯಿಲೆ ಇವುಗಳ ನಡುವೆ ಇನ್ನು ಆಗದು. ಬಿಟ್ಟುಬಿಟ್ಟೆ ಎಂದು ಬರೆಯಲು ನಾಚಿಕೆಯಾಗಿ ಒಂದೂವರೆ ವರ್ಷದಿಂದ ಸುಮ್ಮನಿದ್ದೇನೆ. ಬಿಟ್ಟರೆ ನನ್ನ ಹೆಸರು ಅಳಿಸಿಹೋಗುತ್ತದೆಯೇ?
— ಬ್ಯಾಂಕ್ ಉದ್ಯೋಗಿ, ಹೊಸದುರ್ಗ

ಉತ್ತರ: ಈ ಸಲ ಬಂದ ಪತ್ರಗಳಲ್ಲಿ ನಾನು ಎರಡು ಬಾರಿ ಓದಿದ್ದು ನಿಮ್ಮದನ್ನು. ನಿಮ್ಮ ಮೌನದಿಂದ ಯಾರಿಗೂ ಉಪಕಾರವಾಗುತ್ತಿಲ್ಲ, ಯಜಮಾನರೇ. ನಿಮ್ಮ ಹೆಸರು ಮೇಂಟೇನರ್ ಜಾಗದಲ್ಲಿ ಇರುವಷ್ಟು ದಿನ, ಕೈ ಹಾಕಬಲ್ಲವರೂ ‘ಅವರದಲ್ಲವೇ’ ಎಂದು ಹಿಂಜರಿಯುತ್ತಾರೆ. ತೂಬಿನ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಊರು ಬಿಟ್ಟ ನೀರುಗಂಟಿಯ ಕಥೆಯಾಗುತ್ತದೆ.

ಬಿಡುವುದಕ್ಕೂ ಮೆಟ್ಟಿಲುಗಳಿವೆ. ಜೊತೆಗೊಬ್ಬರು ಸಿಕ್ಕರೆ ನಿಭಾಯಿಸಬಲ್ಲಿರಾದರೆ ನೆರವು ಬೇಕೆಂಬ ಕೋರಿಕೆ ಹಾಕಿ. ಒಳ್ಳೆಯ ಕೈಗೆ ಒಪ್ಪಿಸುವ ತನಕ ಇರಬಲ್ಲಿರಾದರೆ ದತ್ತು ತೆಗೆದುಕೊಳ್ಳುವವರು ಬೇಕೆಂಬ ಕೋರಿಕೆ ಹಾಕಿ. ಎರಡೂ ಆಗದು ಎಂದಾದರೆ, ನಿಮ್ಮ ಪತ್ರದಿಂದ ನನಗೆ ಹಾಗೆಯೇ ಅನಿಸುತ್ತಿದೆ, ಪ್ಯಾಕೇಜು ಅನಾಥವಾಗಿದೆ ಎಂದು ಘೋಷಿಸಿ. ಆಗ ಮೇಂಟೇನರ್ ಜಾಗಕ್ಕೆ ಡೆಬಿಯನ್‌ನ ಗುಣಮಟ್ಟ ತಂಡದ ಹೆಸರು ಬರುತ್ತದೆ, ಯಾರು ಬೇಕಾದರೂ ತಿದ್ದಿ ಅಪ್‌ಲೋಡ್ ಮಾಡಬಹುದು. ವರದಿಯಲ್ಲಿ ಕಾರಣ ಬರೆಯಲೇಬೇಕೆಂಬ ನಿಯಮವಿಲ್ಲ. ‘ಸಮಯವಿಲ್ಲ’ ಎಂದರೆ ಸಾಕು, ತಾಯಿಯ ಕಾಯಿಲೆಯ ವಿವರ ಲೋಕಕ್ಕೆ ಬೇಡ.

ಅದಕ್ಕೂ ಮುನ್ನ ಒಂದು ಗಂಟೆ ಬಿಡುವು ಮಾಡಿಕೊಂಡು, ಆಕರದಲ್ಲಿರುವ ರೀಡ್‌ಮಿ-ಸೋರ್ಸ್ ಕಡತದಲ್ಲಿ ನಿಮ್ಮ ತಲೆಯಲ್ಲಿ ಮಾತ್ರ ಇರುವುದನ್ನೆಲ್ಲ ಬರೆದಿಡಿ. ನಾನು ಆ ಅಕ್ಷರಶೈಲಿಯ ಪ್ಯಾಕೇಜನ್ನು ಬೇರೊಬ್ಬರಿಗೆ ಕೊಟ್ಟ ಮೂರನೆಯ ವಾರ, ಪ್ಯಾಕೇಜು ಕಟ್ಟುವ ಸೂಚನೆಗಳಿರುವ ರೂಲ್ಸ್ ಕಡತದ ಹದಿನಾಲ್ಕನೆಯ ಸಾಲು ಯಾತಕ್ಕೆ ಎಂದು ಅವರು ಕೇಳಿದರು. ನಾನೇ ಬರೆದ ಸಾಲು. ಯಾತಕ್ಕೆಂದು ಇಂದಿಗೂ ನೆನಪಾಗಿಲ್ಲ, ಅವರೂ ಅದನ್ನು ಅಳಿಸುವ ಧೈರ್ಯ ಮಾಡಿಲ್ಲ.

ಹೆಸರಿನ ವಿಷಯಕ್ಕೆ ಬಂದರೆ, ಚೇಂಜ್‌ಲಾಗ್‌ನಲ್ಲಿ ಹೊಸಬರು ತಮ್ಮ ನಮೂದನ್ನು ನಿಮ್ಮ ನಮೂದುಗಳ ಮೇಲೆ ಸೇರಿಸುತ್ತ ಹೋಗುತ್ತಾರೆ, ಕೆಳಗಿನದನ್ನು ತೆಗೆಯುವುದಿಲ್ಲ. ಬಳಕೆದಾರರು ಸ್ಥಾಪಿಸಿಕೊಳ್ಳುವ ಬೈನರಿಯಲ್ಲಿ ಜಾಗ ಉಳಿಸಲು ಬಹಳ ಹಳೆಯ ನಮೂದುಗಳನ್ನು ಕತ್ತರಿಸಲಾಗುತ್ತದೆ. ಆಕರದಲ್ಲಿ ಮಾತ್ರ ಎಂಟು ವರ್ಷದ ಪ್ರತಿಯೊಂದು ನಮೂದೂ, ಅದನ್ನು ಬರೆದ ದಿನ, ಗಂಟೆ, ನಿಮಿಷ ಮತ್ತು ನಮ್ಮ ಐದೂವರೆ ಗಂಟೆಯ ಕಾಲವಲಯದ ಸಮೇತ, ನಿಮ್ಮ ಹೆಸರಿನಲ್ಲಿಯೇ ಇರುತ್ತದೆ.